ನಿದ್ದೆ ಬಾರದ ರಾತ್ರಿ: ವಿಶ್ವಾಸಿ ಏನು ಮಾಡಬೇಕು?

ವಾಕ್ಯಭಾಗ: ಕೀರ್ತನೆಗಳು 127:1-2, ಕೀರ್ತನೆಗಳು 77:1-6, 1 ಅರಸುಗಳು 19:1-8



ಕಳೆದ ವಾರ ಪ್ರಾರ್ಥನೆ ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ತೆಗೆದು ಓದುತ್ತಾ ಕೂತಿದ್ದೆ. ಸಾಲ, ಮಕ್ಕಳ ಮದುವೆ, ಕೆಲಸ, ಇವೆಲ್ಲಾ ಯಾವಾಗಲೂ ಇರ್ತವೆ. ಈ ಸಲ ನಾಲ್ಕು ಚೀಟಿಯಲ್ಲಿ ಒಂದೇ ಮಾತು ಇತ್ತು: "ರಾತ್ರಿ ನಿದ್ದೆ ಬರ್ತಿಲ್ಲ, ಪ್ರಾರ್ಥಿಸಿರಿ." ಒಂದರ ಕೆಳಗೆ ಹೀಗೂ ಬರೆದಿತ್ತು: "ನನ್ನ ವಿಶ್ವಾಸದಲ್ಲಿ ಏನೋ ಕೊರತೆ ಇದೆ ಅನಿಸುತ್ತೆ." ಆ ಸಾಲು ನನ್ನನ್ನು ಚುಚ್ಚಿತು. ಯಾಕಂದ್ರೆ ಆ ಮಾತನ್ನು ನಿಮಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹರಿಹರದ ಒಬ್ಬ ಸಹೋದರರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ, ಹೆಸರು ಬೇಡ. ಅವರು ಐದಾರು ವರ್ಷದಿಂದ ದಿನಾ ರಾತ್ರಿ ನಿದ್ದೆಗೆ ಅಲ್ಪ್ರಾಝೋಲಾಮ್ ಮಾತ್ರೆ ತಗೊಳ್ತಿದ್ದರು. ಒಂದು ಉಪವಾಸ ಕೂಟದಲ್ಲಿ ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಆಮೇಲೆ ಎಲ್ಲರ ಮುಂದೆ ಕೇಳಿದೆ: "ಕರ್ತನನ್ನು ನಂಬಿದವನಿಗೆ ಇನ್ನು ಮಾತ್ರೆ ಯಾಕೆ?" ಸಭೆ ಹಲ್ಲೆಲೂಯ ಅಂತು. ಅವರು ಮನೆಗೆ ಹೋಗಿ ಮಾತ್ರೆ ಎಲ್ಲಾ ಚರಂಡಿಗೆ ಹಾಕಿದರು.

ಮೂರನೇ ದಿನ ಫೋನ್ ಬಂತು. "ಪಾಸ್ಟರೇ, ಒಂದ್ ನಿಮಿಷ ಕಣ್ಣು ಮುಚ್ಚಿಲ್ಲರೀ. ಕೈ ನಡಗ್ತಾವ. ಎದಿ ಹೊಡಕೊಳ್ತೈತಿ." ನಾನು ಏನು ಹೇಳಿದೆ ಗೊತ್ತಾ? "ಶತ್ರುವಿನ ಹೋರಾಟ ಅದು, ಬಿಡಬೇಡಿ, ಸ್ತೋತ್ರ ಮಾಡ್ತಾ ಇರಿ" ಅಂದೆ. ಮರುದಿನ ಅವರಿಗೆ ಫಿಟ್ಸ್ ಬಂತು. ದಾವಣಗೆರೆಗೆ ಕರಕೊಂಡು ಬಂದು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರ್ ನನ್ನನ್ನು ಬೈಯಲಿಲ್ಲ. ಪಕ್ಕಕ್ಕೆ ಕರೆದು ಹೇಳಿದರು: "ಈ ಜಾತಿಯ ಮಾತ್ರೆಗೆ ದೇಹ ಒಗ್ಗಿಹೋದ ಮೇಲೆ ಏಕದಂ ನಿಲ್ಲಿಸಿದರೆ ಹೀಗೇ ಆಗೋದು. ಜೀವಕ್ಕೇ ಅಪಾಯ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪ ಇಳಿಸಬೇಕು. ನೀವು ಪ್ರಾರ್ಥನೆ ಮಾಡಿ, ಮಾತ್ರೆ ಇಳಿಸೋದು ನನಗೆ ಬಿಡಿ."

ಆ ಸಹೋದರ ಈಗ ಚೆನ್ನಾಗಿದ್ದಾರೆ, ದೇವರಿಗೆ ಸ್ತೋತ್ರ. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ. ಇವತ್ತು ಸಭೆಯ ಮುಂದೆಯೂ ಕೇಳುತ್ತೇನೆ. ಅದಾದ ಮೇಲೆ ಸತ್ಯವೇದದಲ್ಲಿ ನಿದ್ದೆಯ ಬಗ್ಗೆ ಹುಡುಕಿ ಹುಡುಕಿ ಓದಿದೆ. ಅದರಿಂದ ಮೂರು ಸಂಗತಿ ನೋಡೋಣ.

1. ನಿದ್ದೆ ಬಾರದಿರುವುದು ಅವಿಶ್ವಾಸವಲ್ಲ

ಕೀರ್ತನೆ 77 ತೆಗೆಯಿರಿ. ಆಸಾಫನು ಆಲಯದ ಗಾಯಕ, ಅಭಿಷೇಕ ಇದ್ದ ಮನುಷ್ಯ. ಆದರೆ ರಾತ್ರಿಯೆಲ್ಲಾ ಕೈಚಾಚಿ ಮೊರೆಯಿಟ್ಟರೂ ಅವನಿಗೆ ಸಮಾಧಾನ ಸಿಗಲಿಲ್ಲ. ನಾಲ್ಕನೇ ವಚನದಲ್ಲಿ ದೇವರಿಗೇ ಹೇಳುತ್ತಾನೆ, ನನ್ನ ರೆಪ್ಪೆ ಮುಚ್ಚದಂತೆ ಹಿಡಿದಿರುವವನು ನೀನೇ ಅಂತ. ಅದಕ್ಕೆ ದೇವರು ಅವನನ್ನು ಗದರಿಸಲಿಲ್ಲ. ಆ ಮಾತನ್ನು ನಮಗೋಸ್ಕರ ಬರೆಸಿ ಇಟ್ಟನು. 2 ಕೊರಿಂಥ 11:27 ನೋಡಿ. ಪೌಲನು ತನ್ನ ಕಷ್ಟಗಳ ಪಟ್ಟಿಯಲ್ಲಿ ಹಸಿವೆ, ಚಳಿ ಇವುಗಳ ಜೊತೆ ನಿದ್ದೆಗೆಟ್ಟ ರಾತ್ರಿಗಳನ್ನೂ ಸೇರಿಸಿದ್ದಾನೆ. ಪೌಲನಿಗೆ ವಿಶ್ವಾಸ ಕಮ್ಮಿ ಇತ್ತು ಅಂತ ಯಾರಾದರೂ ಹೇಳ್ತೀರಾ?

ಇನ್ನೊಂದು ಮಾತು. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ದೇವರು ಪ್ರಾರ್ಥನೆಗೆ ಎಬ್ಬಿಸಿದ್ದು ಅಂತ ನಾವು ಕಲಿಸುತ್ತೇವೆ. ಹಾಗೆ ಆಗುವುದುಂಟು. ಎಸ್ತೇರಳು 6ರಲ್ಲಿ ಅರಸನಿಗೆ ನಿದ್ದೆ ಬಾರದ ಒಂದು ರಾತ್ರಿಯಿಂದಲೇ ಮೊರ್ದೆಕೈಯ ಕಥೆ ತಿರುಗಿತು. ಆದರೆ 1 ಸಮುವೇಲ 3 ಗಮನಿಸಿ ಓದಿ. ಹುಡುಗ ಸಮುವೇಲ ಎದ್ದು ಓಡಿ ಬಂದಾಗಲೆಲ್ಲಾ ಏಲಿಯು ಹೇಳಿದ್ದು, ಹೋಗಿ ಮಲಗಿಕೋ ಅಂತ. ಕರೆಯುತ್ತಿರುವವನು ಕರ್ತನೇ ಎಂದು ಗೊತ್ತಾದ ಮೇಲೂ ಮಲಗಿಕೊಂಡೇ ಕೇಳು ಅಂದನು. ದಿನಾ ರಾತ್ರಿ ಎಚ್ಚರವಾಗಿ, ಬೆಳಿಗ್ಗೆ ಗಾಡಿ ಓಡಿಸಕ್ಕಾಗದೆ, ಮಕ್ಕಳ ಮೇಲೆ ರೇಗಾಡುವ ಹಾಗಿದ್ದರೆ ಅದನ್ನು ಬರೀ ಕರೆ ಅಂದುಕೊಂಡು ಸುಮ್ಮನಿರಬೇಡಿ.

2. ದೇವರು ದೇಹವನ್ನು ಮರೆಯುವುದಿಲ್ಲ

ಈಗ 1 ಅರಸುಗಳು 19. ಎಲೀಯನು ಕರ್ಮೆಲಿನಲ್ಲಿ ಬೆಂಕಿ ಇಳಿಸಿದವನು. ಮುಂದಿನ ಅಧ್ಯಾಯದಲ್ಲೇ ಈಜೆಬೆಲಳಿಗೆ ಹೆದರಿ ಓಡಿ, ಒಂದು ಗಿಡದ ಕೆಳಗೆ ಕೂತು, ನನಗೆ ಸಾವು ಕೊಡು ಅಂತ ಬೇಡುತ್ತಾನೆ. ದೇವದೂತ ಬಂದನು. ಪ್ರಸಂಗ ಮಾಡಿದನಾ? ಇಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ ತಿನ್ನಿಸಿದನು, ನೀರು ಕುಡಿಸಿದನು. ಎಲೀಯ ಮತ್ತೆ ಮಲಗಿದನು, ದೂತನು ಮಲಗಲು ಬಿಟ್ಟನು. ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಹೋರೇಬಿನಲ್ಲಿ ದೇವರು ಮಾತಾಡಿದ್ದು ಇದೆಲ್ಲಾ ಆದ ಮೇಲೆ. ನಾನು ನಮ್ಮ ಸಹೋದರರಿಗೆ ಮಾಡಿದ್ದು ಇದರ ಉಲ್ಟಾ. ಮೊದಲು ಪ್ರಸಂಗ ಮಾಡಿದೆ, ದೇಹದ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಪ್ರಾಝೋಲಾಮ್‌ನಂಥ ಮಾತ್ರೆಯನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ, ಕಾನೂನಿನಲ್ಲಿ ಅದು ಷೆಡ್ಯೂಲ್ ಎಚ್1ರಲ್ಲಿದೆ. ಪಕ್ಕದ ಮನೆಯವರ ಮಾತ್ರೆ ಇಸಕೊಂಡು ನುಂಗಬೇಡಿ. ಈಗಾಗಲೇ ತಗೊಳ್ತಿರುವವರು ನನ್ನ ಮಾತು ಕೇಳಿಯೋ, ಯಾವ ಕೂಟದ ಸಾಕ್ಷಿ ಕೇಳಿಯೋ ಅದನ್ನು ಬಿಸಾಡಬೇಡಿ. ಬಿಡುವ ಆಸೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ.

3. ನಿದ್ದೆ ವರ, ಹಾಸಿಗೆ ಹಾಸುವುದು ನಮ್ಮ ಕೆಲಸ

ಕೀರ್ತನೆ 127 ಮನೆ ಕಟ್ಟುವವರ, ಊರು ಕಾಯುವವರ ಕೀರ್ತನೆ. ಬೆಳಗಾಗುವ ಮೊದಲೇ ಎದ್ದು, ಹೊತ್ತಾಗಿ ಮಲಗಿ, ಚಿಂತೆಯ ಅನ್ನ ಉಣ್ಣುವವರಿಗೆ ಅದು ಹೇಳುತ್ತದೆ, ದೇವರು ತನ್ನ ಪ್ರಿಯರಿಗೆ ನಿದ್ದೆಯನ್ನು ಕೊಡುತ್ತಾನೆ ಅಂತ. ಕೊಡುವುದು ಅಂದಮೇಲೆ ಕಿತ್ತುಕೊಳ್ಳಕ್ಕೆ ಆಗಲ್ಲ. "ಈಗ ಮಲಗಲೇಬೇಕು, ಮಲಗಲೇಬೇಕು" ಅಂತ ಹಟ ಹಿಡಿದಷ್ಟೂ ನಿದ್ದೆ ದೂರ ಹೋಗುತ್ತೆ. ನನಗೂ ಹಾಲ್ ಬಾಡಿಗೆಯ ಚಿಂತೆಯಲ್ಲಿ ಎರಡು ತಿಂಗಳು ಹಾಗೇ ಆಯಿತು. ಆಗ ಅದೇ ಡಾಕ್ಟರ್ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ.

ಹಾಸಿಗೆ ನಿದ್ದೆಗೆ ಮಾತ್ರ ಇರಲಿ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ವಿಧಾನ ಇದು. ಸುಮಾರು ಇಪ್ಪತ್ತು ನಿಮಿಷ ಆದರೂ ನಿದ್ದೆ ಬರಲಿಲ್ಲ ಅನಿಸಿದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಬೇರೆ ಕಡೆ ಮಂದ ಬೆಳಕಲ್ಲಿ ಕೂತು ಒಂದು ಕೀರ್ತನೆಯನ್ನು ನಿಧಾನ ಓದಿ. ಕಣ್ಣು ಎಳೆಯಲು ಶುರುವಾದಾಗ ಮಾತ್ರ ಮತ್ತೆ ಮಲಗಿ. ಹೊರಳಾಡುತ್ತಾ ಬಿದ್ದಿದ್ದರೆ ದೇಹವು ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಕಲಿತುಬಿಡುತ್ತೆ. ಒಂದೇ ರೂಮಿನ ಮನೆಯಾದರೆ ಮೂಲೆಯಲ್ಲಿ ಒಂದು ಚಾಪೆ ಸಾಕು.

ಏಳುವ ಹೊತ್ತು ದಿನಾ ಒಂದೇ ಇರಲಿ. ರಾತ್ರಿ ನಿದ್ದೆ ಕೆಟ್ಟಿತು ಅಂತ ಬೆಳಿಗ್ಗೆ ಒಂಬತ್ತರವರೆಗೆ ಮಲಗಿದರೆ ಆ ರಾತ್ರಿಯೂ ಕೆಡುತ್ತೆ. ಮಧ್ಯಾಹ್ನ ಮಲಗಲೇಬೇಕಾದರೆ ಅರ್ಧ ಗಂಟೆ ಒಳಗೆ ಮುಗಿಸಿ.

ಚಹಾ ನೋಡಿಕೊಳ್ಳಿ. ಅದರಲ್ಲಿರುವ ಕೆಫೀನ್ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಒಳಗೆ ಇರುತ್ತೆ. ಮನೆ ಕೂಟಗಳಲ್ಲಿ ರಾತ್ರಿ ಒಂಬತ್ತಕ್ಕೆ ಮಂಡಕ್ಕಿ, ಮೆಣಸಿನಕಾಯಿ ಜೊತೆ ಚಹಾ ಕೊಡ್ತೀರಲ್ಲಾ, ಇನ್ನು ಮೇಲೆ ಚಹಾ ಬೇಡ, ಮಜ್ಜಿಗೆ ಕೊಡಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿ ಮಲಗಲಿ, ಸಭೆಯ ವಾಟ್ಸಾಪ್ ಗ್ರೂಪ್ ನೋಡಕ್ಕೂ ಬೇಡ.

ಚಿಂತೆಯನ್ನು ಸಂಜೆಯೇ ಬರೆದಿಡಿ. 1 ಪೇತ್ರ 5:7ರಲ್ಲಿ ಚಿಂತೆಯನ್ನು ಆತನ ಮೇಲೆ ಹಾಕಿರಿ ಎಂದಿದೆ. ನಾನು ಊಟಕ್ಕೆ ಮೊದಲು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ: ಬಾಡಿಗೆ ಇಷ್ಟು, ಕೈಯಲ್ಲಿ ಇರುವುದು ಇಷ್ಟು, ನಾಳೆ ಯಾರಿಗೆ ಫೋನ್ ಮಾಡಬೇಕು. ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಮುಚ್ಚಿಡುತ್ತೇನೆ. ರಾತ್ರಿ ಆ ಯೋಚನೆ ಬಂದರೆ, ಅದು ಪುಸ್ತಕದಲ್ಲಿದೆ, ಕರ್ತನ ಹತ್ತಿರ ಇದೆ ಅಂತ ಹೇಳಿಕೊಳ್ಳುತ್ತೇನೆ.

ಶಿಫ್ಟ್ ಕೆಲಸದವರು ನಮ್ಮಲ್ಲಿ ಬಹಳ ಜನ. ತುಂಗಭದ್ರೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗೆ ಹೋಗುವವರು, ನಸುಕಿನಲ್ಲೇ ಮಂಡಕ್ಕಿ ಭಟ್ಟಿ ಮುಂದೆ ನಿಲ್ಲುವವರು, ಆಸ್ಪತ್ರೆಯ ನರ್ಸ್ ಸಹೋದರಿಯರು. ನಿಮ್ಮ ದೇಹದ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತೆ. ಹಗಲು ಮಲಗುವಾಗ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ಆಫ್ ಮಾಡಿ. ಸಭೆಯವರು ಸಹ ನೈಟ್ ಶಿಫ್ಟ್ ಮುಗಿಸಿ ಬಂದವರ ಮನೆಗೆ ಮಧ್ಯಾಹ್ನ ವಿಸಿಟ್ ಹೋಗಿ ಬಾಗಿಲು ಬಡಿಯಬೇಡಿ. ಇಡೀ ರಾತ್ರಿ ಪ್ರಾರ್ಥನೆಗೆ ಬಂದವರು ಬೆಳಗಿನ ಜಾವ ಹೈವೇಯಲ್ಲಿ ಬೈಕ್ ಹತ್ತಬೇಡಿ. ಹಾಲ್‌ನಲ್ಲೇ ಮಲಗಿ, ತಿಂಡಿ ತಿಂದು ಹೋಗಿ.

ಇಷ್ಟೆಲ್ಲಾ ಮಾಡಿಯೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಮಾತ್ರೆ ಒಂದೇ ದಾರಿಯಲ್ಲ. ಮೇಲೆ ಹೇಳಿದಂಥ ಅಭ್ಯಾಸಗಳನ್ನು ಕ್ರಮವಾಗಿ ಕಲಿಸುವ ಚಿಕಿತ್ಸೆಯನ್ನೇ ಮೊದಲು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂತೆ ಆಗುವವರು ತಡಮಾಡದೆ ತೋರಿಸಿಕೊಳ್ಳಿ.

ಕಡೆಯದಾಗಿ, ನಿಮ್ಮಲ್ಲಿ ಯಾರಿಗಾದರೂ ರಾತ್ರಿ ಎಲೀಯನ ಹಾಗೆ ಸಾವು ಬೇಡುವ ಯೋಚನೆ ಬರುತ್ತಿದ್ದರೆ, ನಾಚಿಕೆ ಪಡಬೇಡಿ, ಒಬ್ಬರೇ ಕೂರಬೇಡಿ. ಮನೆಯವರನ್ನು ಎಬ್ಬಿಸಿ. ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ. 14416ಕ್ಕೂ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಕೀರ್ತನೆ 121:4 ನೆನಪಿಡಿ. ನಮ್ಮನ್ನು ಕಾಯುವವನು ತೂಕಡಿಸುವುದೂ ಇಲ್ಲ, ಮಲಗುವುದೂ ಇಲ್ಲ. ಆತನು ಎಚ್ಚರ ಇರುವುದರಿಂದ ನಾವು ಎಚ್ಚರ ಇರಬೇಕಿಲ್ಲ. ಚೀಟಿ ಬರೆದ ಆ ನಾಲ್ಕು ಜನರಿಗೋಸ್ಕರ ಈಗ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿದ್ದೆ ಬಾರದವರ ಮೇಲೆ ನಾವು ಹೊರಿಸಿದ ಭಾರವನ್ನು ಕ್ಷಮಿಸು. ಈ ರಾತ್ರಿ ಅವರ ಮನೆಗಳಲ್ಲಿ ಇಳಿದು ಬಾ. ಡಾಕ್ಟರುಗಳ ಕೈಯನ್ನೂ ನರ್ಸುಗಳ ಕೈಯನ್ನೂ ಆಶೀರ್ವದಿಸು. ಕಣ್ಣು ಮುಚ್ಚದ ಹೊತ್ತಿನಲ್ಲಿಯೂ ಅವರು ನಿನ್ನ ಪ್ರಿಯರೇ ಎಂದು ಅವರಿಗೆ ತಿಳಿಯಪಡಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.