ಅಡಿಕೆ ದರದ ತಾತ್ಕಾಲಿಕ ಕ್ಯಾಶ್‌ಗಳು

ಅಡಿಕೆಯ ದರಕ್ಕೆ ಆಯುಷ್ಯ ಒಂದು ದಿನ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ ಕಾಲದಿಂದ ಈ ಸೀಮೆಯಲ್ಲಿ ಬೇರೂರಿದ ಸಹಕಾರಿ ವ್ಯಾಪಾರದಲ್ಲಿ ಇಂದು ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಂಬ ಅಡಿಕೆಯ ಬಗೆಗಳ ಕ್ವಿಂಟಲ್ ದರವು ಆಯಾ ದಿನದ ಟೆಂಡರಿನಲ್ಲಿ ನಿಶ್ಚಿತವಾಗಿ, ಮುಂದಿನ ಟೆಂಡರಿನ ಹೊತ್ತಿಗೆ ಹಳತಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ದರವನ್ನು ಒಟ್ಟುಗೂಡಿಸಿ ತೋರಿಸುವ ಒಂದು ಗಣಕವ್ಯವಸ್ಥೆಯ ಪೋಷಣೆ ಕೆಲವು ಕಾಲ ನನ್ನ ಪಾಲಿಗೆ ಬಂದಿತ್ತು. ಯಾರದೆಂಬುದು ಇಲ್ಲಿ ಅಪ್ರಸ್ತುತ.

ವ್ಯವಸ್ಥೆಯ ಆಧಾರ ಅಪಾಚೆ ಇಗ್ನೈಟ್. ಹಲವು ಸರ್ವರುಗಳ ಮೆಮರಿಯನ್ನು ಒಂದಾಗಿಸಿ ನಡೆಯುವ ಡೇಟಾಬೇಸ್. 2017ರ 2.1ನೆಯ ಆವೃತ್ತಿಯಿಂದ ಅದಕ್ಕೆ ತನ್ನ ದತ್ತಾಂಶವನ್ನು ತಾನೇ ಡಿಸ್ಕಿನಲ್ಲಿ ಉಳಿಸಿಕೊಳ್ಳುವ ಶಕ್ತಿಯೂ ಪ್ರಾಪ್ತವಾಗಿದೆ. ನನಗಿಂತ ಹಿಂದಿನವರು ಪೇಟೆಗೊಂದರಂತೆ ದಿನವೂ ತಾತ್ಕಾಲಿಕ ಕ್ಯಾಶ್‌ಗಳನ್ನು, ಅಂದರೆ ದತ್ತಾಂಶದ ಕೋಶಗಳನ್ನು, ನಿರ್ಮಿಸಿ ಸಂಜೆಗೆ ಅಳಿಸುವ ಏರ್ಪಾಟು ಮಾಡಿದ್ದರು. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಯುಪಿಎಸ್ಸೂ ಕೈಬಿಟ್ಟು, ಅಳಿಸುವ ಕಾರ್ಯ ನಡೆಯದೇ ಹೋದ ದಿನಗಳ ಕ್ಯಾಶ್‌ಗಳೆಲ್ಲವೂ, ಯಂತ್ರಗಳು ಮರಳಿ ಎದ್ದಾಗ ತಾವೂ ಎದ್ದು ಕುಳಿತಿರುತ್ತಿದ್ದವು. ಹೆಸರು ತಾತ್ಕಾಲಿಕವಾದರೇನು, ಅವನ್ನು ಇರಿಸಿದ ಡೇಟಾ ರೀಜನ್, ಅಂದರೆ ಮೆಮರಿಯ ಪಾಲು, ಡಿಸ್ಕಿಗೆ ಬರೆಯುವಂಥದು! ಬೇರೆ ಹೇಳದಿದ್ದರೆ ಒಂದು ಕ್ಯಾಶ್‌ಗೆ 1024 ವಿಭಾಗ, ವಿಭಾಗಕ್ಕೊಂದು ಕಡತ. ಹೊಸ ಕ್ಯಾಶ್ ಹುಟ್ಟಿದಾಗಲೆಲ್ಲ ಆ ವಿಭಾಗಗಳ ಹಂಚಿಕೆಯನ್ನು ಎಲ್ಲ ಸರ್ವರುಗಳೂ ಒಪ್ಪಬೇಕು, ಅಲ್ಲಿಯವರೆಗೆ ಮಿಕ್ಕ ಕೆಲಸ ಕಾಯಬೇಕು. ಟೆಂಡರಿನ ಹೊತ್ತಿಗೇ ಪರದೆ ಸ್ತಬ್ಧವಾಗುತ್ತಿದ್ದುದರ ಕಾರಣ ಇದು. ಹೀಗೆ ಉಳಿದ ಕ್ಯಾಶ್‌ಗಳ ಹೊರೆ ಇಳಿಸಲು, ಅವಧಿ ಮೀರಿದ ದಾಖಲೆಗಳು ತಾವಾಗಿ ಅಳಿಯುವ ನಿಯಮವನ್ನು ಹೂಡಿ ನೋಡಿದೆವು. ದಾಖಲೆಗಳು ಅಳಿದವು, ಕಡತಗಳ ಗಾತ್ರ ಕುಗ್ಗಲಿಲ್ಲ.

ಡಿಸ್ಕಿನ ಸಂಬಂಧವೇ ಇಲ್ಲದ ಪ್ರತ್ಯೇಕ ರೀಜನ್‌ನಲ್ಲಿ ಒಂದೇ ಒಂದು ಕ್ಯಾಶನ್ನು ಸ್ಥಿರವಾಗಿರಿಸಿ, ಪೇಟೆ, ದಿನಾಂಕ, ಅಡಿಕೆಯ ಬಗೆ ಇವುಗಳನ್ನು ಕೀಲಿಯಾಗಿಸುವುದು ನಾನು ಕಂಡ ಪರಿಹಾರ. ಆದರೆ ಒಂದು ದಿನದ ಬಾಳಿನದೆಲ್ಲವನ್ನೂ ಅಲ್ಲಿಗೆ ಸಾಗಿಸಹೊರಟಾಗ ಕಚೇರಿಯ ಹಿರಿಯ ಗುಮಾಸ್ತರೊಬ್ಬರು ತಡೆದರು: "ತಮಾ, ಟೆಂಡರು ಅರ್ಧಕ್ಕೆ ನಿಂತು ವ್ಯಾಪಾರಿ ಬರೆದ ದರ ಹೋದ್ರೆ ಬೆಳೆದವನಿಗೆ ಉತ್ತರ ಹೇಳೋದು ಯಾರು?" ಗಣಕದ ಗಂಧವಿಲ್ಲದ ಅವರ ಆಕ್ಷೇಪ ನನ್ನ ವಿಂಗಡಣೆಯನ್ನೇ ಬದಲಿಸಿತು. ಮೂಲದಿಂದ ಮತ್ತೆ ಲೆಕ್ಕಹಾಕಿ ಪಡೆಯಬಹುದಾದ ಗರಿಷ್ಠ, ಕನಿಷ್ಠ, ಸರಾಸರಿ ದರಗಳು ಮಾತ್ರ ಆ ಡಿಸ್ಕಿಲ್ಲದ ಕ್ಯಾಶ್‌ಗೆ ಹೋದವು. ವ್ಯಾಪಾರಿ ಬರೆದ ಪ್ರತಿಯೊಂದು ದರವೂ, ವ್ಯಾಪಾರ ಚುಕ್ತಾ ಆಗುವವರೆಗೆ ಮಾತ್ರ ಬೇಕಾದುದಾದರೂ, ಡಿಸ್ಕಿನಲ್ಲಿಯೇ ಉಳಿಯಿತು. ಅದರ ಜೊತೆಗೆ, ಸರ್ವರಿನ ಪ್ರೋಗ್ರಾಂ ಕುಸಿದರೆ ತಡೆದುಕೊಂಡರೂ ಕರೆಂಟು ಹೋದರೆ ಕೊನೆಯ ಕೆಲವು ಬರಹಗಳನ್ನು ಕಳೆಯಬಹುದಾದ ಲಾಗ್-ಓನ್ಲಿ ಕ್ರಮವನ್ನು ಕೈಬಿಟ್ಟು, ಪ್ರತಿ ಬರಹವೂ ಡಿಸ್ಕು ಮುಟ್ಟುವ ತನಕ ಕಾಯುವ ಎಫ್‌ಸಿಂಕ್ ಕ್ರಮವನ್ನು ಅಂಗೀಕರಿಸಿದೆವು. ಬರಹ ತುಸು ನಿಧಾನವಾಯಿತು. ಟೆಂಡರು ನಡೆಯುವ ವೇಗಕ್ಕೆ ಅದರಿಂದ ಅಡ್ಡಿಯೇನೂ ಆಗಲಿಲ್ಲ.