ಕಪ್ಪೆಯ ಕಾಲೂ ಫ್ರಾಂಕೆನ್‌ಸ್ಟೈನನ ಸೃಷ್ಟಿಯೂ

ಫ್ರಾಂಕೆನ್‌ಸ್ಟೈನ್ ಎಂಬುದು ಒಂದು ಭೂತದ ಹೆಸರೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ನಂಬಿದ್ದಾರೆ. ವಾಸ್ತವವಾಗಿ ಅದು ಆ ವಿಕಾರಜೀವಿಯನ್ನು ನಿರ್ಮಿಸಿದ ತರುಣನ ಹೆಸರು. ತನ್ನ ಸೃಷ್ಟಿಗೆ ಅವನು ಒಂದು ಹೆಸರನ್ನೂ ಇಡಲಿಲ್ಲ. ಈ ಕಥೆಯ ಬೇರು ಪ್ರಯೋಗಶಾಲೆಯಲ್ಲಿರುವುದರಿಂದ ನಾವು ಅದನ್ನಿಲ್ಲಿ ವಿಚಾರಿಸುವುದು ಅಸಂಗತವಾಗಲಾರದು.

ಇಟಲಿಯ ಬೊಲೋನ್ಯದಲ್ಲಿ ಲೂಯಿಜಿ ಗ್ಯಾಲ್ವಾನಿಯು, ಸತ್ತ ಕಪ್ಪೆಯ ನರಕ್ಕೂ ಸ್ನಾಯುವಿಗೂ ಎರಡು ಬೇರೆ ಬೇರೆ ಲೋಹಗಳನ್ನು ಮುಟ್ಟಿಸಿ, ಅವನ್ನು ಒಂದಕ್ಕೊಂದು ತಾಕಿಸಿದರೆ, ಕಾಲು ಥಟ್ಟನೆ ಸೆಟೆಯುವುದನ್ನು ಕಂಡನು. ಪ್ರಾಣಿದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂದು 1791ರಲ್ಲಿ ಪ್ರಕಟಿಸಿದನು. ವೋಲ್ಟಾ ಇದನ್ನೊಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಲೋಹಗಳ ಸಂಪರ್ಕದಿಂದ, ಕಪ್ಪೆಯ ಕಾಲು ಕೇವಲ ಸೂಚಕ ಎಂದು ವಾದಿಸಿ, 1800ರಲ್ಲಿ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ತೊಯ್ಸಿದ ರಟ್ಟನ್ನಿಟ್ಟು, ಕಪ್ಪೆಯಿಲ್ಲದೆಯೇ ಪ್ರವಾಹವನ್ನು ಪಡೆದನು. ಇಬ್ಬರದೂ ಅರ್ಧಸತ್ಯ. ವೋಲ್ಟಾ ಸ್ತಂಭಕ್ಕೆ ಶಕ್ತಿಯೊದಗುವುದು ರಾಸಾಯನಿಕ ಕ್ರಿಯೆಯಿಂದ. ಇತ್ತ ವಿಶ್ರಾಂತ ನರಕೋಶದ ಪೊರೆಯ ಒಳಹೊರಗುಗಳ ನಡುವೆ ಸುಮಾರು 70 ಮಿಲಿವೋಲ್ಟುಗಳ ವಿಭವಾಂತರವೂ ಉಂಟು.

ಗ್ಯಾಲ್ವಾನಿಯ ಸೋದರಳಿಯ ಆಲ್ಡೀನಿ 1803ರ ಜನವರಿಯಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಜಾರ್ಜ್ ಫಾರ್‌ಸ್ಟರನ ಶವಕ್ಕೆ ಪ್ರವಾಹವನ್ನು ಹಾಯಿಸಿದನು. ದವಡೆ ಅದುರಿತು, ಒಂದು ಕಣ್ಣು ತೆರೆಯಿತು, ಬಲಗೈ ಮೇಲೆದ್ದಿತು. ಮರಣಾನಂತರವೂ ಸ್ನಾಯುಕೋಶಗಳು ಸ್ವಲ್ಪಕಾಲ ಸಜೀವವಾಗಿರುವುದರಿಂದ ಹೀಗಾಗುತ್ತದೆ. ಸ್ನಾಯು ಸಂಕೋಚಿಸಿದ ಮಾತ್ರಕ್ಕೆ ಪ್ರಾಣ ಮರಳಿದಂತಾಗದು. ಆದರೆ ನೋಡುತ್ತಿದ್ದ ಜನಕ್ಕೆ ಈ ಭೇದವನ್ನು ತಿಳಿಸುವವರು ಯಾರು?

ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದುದರ ಫಲವಾಗಿ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಮಳೆಯಿಂದ ಜಿನೀವ ಸರೋವರದ ದಡದ ಮನೆಯೊಳಗೆ ಸಿಲುಕಿದ ಕವಿ ಬೈರನ್ನನು, ಎಲ್ಲರೂ ಒಂದೊಂದು ಪ್ರೇತಕಥೆ ಬರೆಯೋಣವೆಂದನು. 18 ವರ್ಷದ ಮೇರಿ ಆರಂಭಿಸಿದ ಕಥೆ 1818ರ ಜನವರಿಯಲ್ಲಿ ಅಚ್ಚಾಯಿತು. ಅದುವರೆಗಿನ ಗಾಥಿಕ್ ಕಾದಂಬರಿಗಳಲ್ಲಿ ಭಯ ಹುಟ್ಟುತ್ತಿದ್ದುದು ಹಾಳುಕೋಟೆ, ಶಾಪ, ಪ್ರೇತಗಳಿಂದ. ಇಲ್ಲಿ ವಿದ್ಯಾರ್ಥಿಯೊಬ್ಬನ ಕೊಠಡಿಯಿಂದ. ಚಲಚ್ಚಿತ್ರದಲ್ಲಿ ಕಾಣುವ ಸಿಡಿಲೂ ಯಂತ್ರಗಳೂ ಗ್ರಂಥದಲ್ಲಿ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಜೀವದ ಕಿಡಿಯ ಒಂದು ಸುಳಿವನ್ನಷ್ಟೇ ಕೊಟ್ಟಿದ್ದ ಲೇಖಕಿ, ಗ್ಯಾಲ್ವಾನಿಯ ವಿದ್ಯೆಯನ್ನು 1831ರ ಆವೃತ್ತಿಯ ಮುನ್ನುಡಿಯಲ್ಲಿ ಹೆಸರಿಸಿದಳು.

ಅದೇ ಕಾಲದಲ್ಲಿ, 1811ರಿಂದ, ನಾಟಿಂಗ್‌ಹ್ಯಾಮ್ ಪ್ರಾಂತದ ಕಾಲುಚೀಲ ಹೆಣೆಯುವವರು ಹೆಣಿಗೆಯಂತ್ರಗಳನ್ನು ಒಡೆಯುತ್ತಿದ್ದರು. ಇವರನ್ನು ಮೂಢರೆಂದು ಹಾಸ್ಯಮಾಡುವ ಅಭ್ಯಾಸ ನ್ಯಾಯವಲ್ಲ. ಯಂತ್ರದೊಡನೆಯೇ ಬಾಳಿದ ಕುಶಲಿಗಳವರು. ಅವರ ಜಗಳ ಇಳಿದ ಕೂಲಿಯೊಡನೆ, ಅಗ್ಗದ ಕಳಪೆ ಸರಕಿನೊಡನೆ. ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆಯನ್ನು 1812ರಲ್ಲಿ ಪ್ರಭುಸಭೆಯಲ್ಲಿ ವಿರೋಧಿಸಿದವನು ಇದೇ ಬೈರನ್. ಮೇರಿಯ ಕಥೆ ಆ ನೇಕಾರರನ್ನು ಕುರಿತದ್ದೆಂದು ನಾವು ಹೇಳೆವು. ಆದರೂ ಅಲ್ಲಿನ ಅಪರಾಧ ಜೀವಿಯನ್ನು ಸೃಷ್ಟಿಸಿದುದಕ್ಕಿಂತ, ಅದು ಕಣ್ತೆರೆದೊಡನೆ ಹೆದರಿ ಓಡಿಹೋದುದೇ ಎಂದು ನಮಗೆ ತೋರುತ್ತದೆ.

ಪ್ರಯೋಗಗಳೇನೂ ನಿಲ್ಲಲಿಲ್ಲ. 1818ರ ನವೆಂಬರಿನಲ್ಲಿ ಗ್ಲಾಸ್ಗೊ ನಗರದಲ್ಲಿ ಆಂಡ್ರೂ ಯೂರ್ ಎಂಬ ರಸಾಯನಜ್ಞನು ಗಲ್ಲಿಗೇರಿದ ಮತ್ತೊಬ್ಬನ ಶವವನ್ನು ಬ್ಯಾಟರಿಗೆ ಜೋಡಿಸಿದನು. ಕಾದಂಬರಿ ಹೊರಬಿದ್ದು ಆಗ ಹತ್ತು ತಿಂಗಳಾಗಿತ್ತು.