ರಾಜಲಾಂಛನಗಳ ಮರುಮುದ್ರಣ: ರೇಖೆ, ಲೋಹ, ಕಾಲ

ಮಧ್ಯಯುಗದ ಯುರೋಪಿನ ರಾಜಲಾಂಛನಗಳನ್ನು ಗೋಡೆಗೆ ಒಪ್ಪುವ ಕಲಾಮುದ್ರಣಗಳಾಗಿ ಮತ್ತೆ ರೂಪಿಸುವ ಕೆಲಸದಲ್ಲಿ ತೊಡಗಿದವರಿಗೆ ಅನುಭವದಿಂದ ಮೊದಲು ಮನವರಿಕೆಯಾಗುವುದು, ಲಾಂಛನವನ್ನು ನಿರ್ಧರಿಸುವುದು ಯಾವುದೋ ಒಂದು ಮೂಲಚಿತ್ರವಲ್ಲ, ‘ಬ್ಲೇಜನ್’ ಎಂಬ ನಿಯಮಬದ್ಧವಾದ ಮಾತಿನ ವರ್ಣನೆ ಎಂಬ ಸಂಗತಿ. ಇಂಗ್ಲೆಂಡಿನ ಲಾಂಛನದಲ್ಲಿ ಕೆಂಪು ನೆಲದ ಮೇಲೆ ಒಂದರ ಕೆಳಗೊಂದು ನಡೆಯುತ್ತ, ನೋಡುವವರತ್ತ ಮುಖ ತಿರುಗಿಸಿದ ಮೂರು ಚಿನ್ನದ ಸಿಂಹಗಳಿರಬೇಕೆಂದು ವರ್ಣನೆ ಹೇಳುತ್ತದೆಯೇ ಹೊರತು, ಕೆಂಪು ಎಷ್ಟು ಗಾಢ, ಬಾಲದ ಬಾಗು ಹೇಗೆ ಎಂಬುದನ್ನು ಚಿತ್ರಕಾರನಿಗೇ ಬಿಡುತ್ತದೆ.

ಆದರೆ ಈ ಸ್ವಾತಂತ್ರ್ಯಕ್ಕೆ ಕಾಲದ ಕಟ್ಟುಪಾಡಿದೆ. ಒಂದನೆಯ ರಿಚರ್ಡನ 1198ರ ಮುದ್ರೆಯಲ್ಲಿ ಕಾಣಿಸಿಕೊಂಡ ಈ ಸಿಂಹಗಳನ್ನು ಮಧ್ಯಯುಗದ ಕಲಾವಿದರು ಗುರಾಣಿಯ ಆಕಾರಕ್ಕೆ ತಕ್ಕಂತೆ ಹಿಗ್ಗಿಸಿ ತುಂಬಿಸುತ್ತಿದ್ದರು. ಅವುಗಳ ಜಾಗದಲ್ಲಿ ನೆರಳು ಬೆಳಕು ತೋರುವ ಸಹಜ ಸಿಂಹವನ್ನಿಟ್ಟರೆ ಚಿತ್ರದ ಜೀವವೇ ಹೋಗುತ್ತದೆ. ಮೂರನೆಯ ಎಡ್ವರ್ಡ್ 1340ರಲ್ಲಿ ಫ್ರಾನ್ಸಿನ ಸಿಂಹಾಸನ ತನ್ನದೆಂದು ಸಾರಿ, ಗುರಾಣಿಯನ್ನು ನಾಲ್ಕು ಭಾಗ ಮಾಡಿ, ಮೊದಲನೆಯ ಮತ್ತು ನಾಲ್ಕನೆಯ ಭಾಗಗಳನ್ನು ಫ್ರಾನ್ಸಿನ ಲಿಲ್ಲಿ ಹೂಗಳಿಗೆ ಕೊಟ್ಟನು. ಆಗ ಆ ಹೂಗಳು ನೀಲಿ ನೆಲದ ತುಂಬ ಚೆಲ್ಲಿಕೊಂಡಿದ್ದವು. ಮೂರೇ ಹೂಗಳ ರೂಪ ಇಂಗ್ಲೆಂಡಿನ ಲಾಂಛನಕ್ಕೆ ಬಂದದ್ದು ಹದಿನೈದನೆಯ ಶತಮಾನದ ಆರಂಭದಲ್ಲಿ. ಆದುದರಿಂದ ಎಡ್ವರ್ಡನ ಹೆಸರಿನ ಮುದ್ರಣದಲ್ಲಿ ಮೂರೇ ಹೂಗಳಿದ್ದರೆ ಅದು ಆತನ ಲಾಂಛನವಲ್ಲ. ಚೆಲ್ಲಿದ ಹೂಗಳನ್ನು ಬರೆಯುವಾಗಲೂ, ಅಂಚಿಗೆ ಬಂದವನ್ನು ಇಡಿಯಾಗಿ ಹಿಡಿಸಲು ಕುಗ್ಗಿಸದೆ ಅರ್ಧಕ್ಕೇ ಕಡಿದು ನಿಲ್ಲಿಸಬೇಕು. ಕತ್ತರಿಸಿದ ಬಟ್ಟೆಯಂಚಿನಲ್ಲಿ ಕಾಣುವಂಥ ಆ ಅರೆಹೂಗಳಿಂದಲೇ ವಿನ್ಯಾಸ ಗುರಾಣಿಯಾಚೆಗೂ ಹಬ್ಬಿದಂತೆ ತೋರುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಲೋಹದ ಪ್ರಶ್ನೆ. ಲಾಂಛನಶಾಸ್ತ್ರದಲ್ಲಿ ಚಿನ್ನ ಮತ್ತು ಬೆಳ್ಳಿ ಲೋಹಗಳು, ಕೆಂಪು, ನೀಲಿ, ಕಪ್ಪು, ಹಸಿರು ಮುಂತಾದವು ಬಣ್ಣಗಳು; ದೂರದಿಂದಲೂ ಗುರುತು ಸಿಗಲೆಂದು ಲೋಹದ ಮೇಲೆ ಲೋಹವನ್ನಾಗಲಿ, ಬಣ್ಣದ ಮೇಲೆ ಬಣ್ಣವನ್ನಾಗಲಿ ಇಡಬಾರದೆಂಬುದು ನಿಯಮ. ನಾಲ್ಕು ಶಾಯಿಗಳ ಸಾಮಾನ್ಯ ಮುದ್ರಣಕ್ಕೆ ಚಿನ್ನದ ಹೊಳಪು ಬಾರದು, ಹಸ್ತಪ್ರತಿಯ ಚಿನ್ನದ ರೇಕನ್ನು ಸ್ಕ್ಯಾನ್ ಮಾಡಿದರೆ ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಅದು ಮಂಕು ಕಂದಾಗಿಯೂ ಬರುತ್ತದೆ. ಚಿನ್ನಕ್ಕೆ ಹಳದಿಯೂ ಬೆಳ್ಳಿಗೆ ಬಿಳಿಯೂ ಶಾಸ್ತ್ರಸಮ್ಮತವಾಗಿರುವುದರಿಂದ, ಹೊಳಪನ್ನು ನಟಿಸುವ ಛಾಯೆಗಳಿಗಿಂತ ಸಮವಾದ ಅಪ್ಪಟ ಹಳದಿಯೇ ಮೇಲು; ಖರ್ಚಿಗೆ ಸಿದ್ಧವಿರುವಲ್ಲಿ ಮುದ್ರಣದ ಮೇಲೆ ಕೈಯಿಂದ ಚಿನ್ನದ ರೇಕು ಹಚ್ಚುವುದು ಎಲ್ಲಕ್ಕಿಂತ ಉತ್ತಮ. ಹಳೆಯ ಹಸ್ತಪ್ರತಿಗಳ ಬೆಳ್ಳಿಯಂತೂ ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಕಪ್ಪಿಟ್ಟಿರುವುದುಂಟು. ಪುಟವನ್ನು ಕಂಡಂತೆಯೇ ನಕಲಿಸಿದರೆ ಬೆಳ್ಳಿಯ ನೆಲ ಕರಿಯ ನೆಲವಾಗಿ, ಲಾಂಛನವೇ ಬೇರೆಯದಾಗುತ್ತದೆ.

ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳಿರುವ ಜೆರುಸಲೇಮ್ ರಾಜ್ಯದ ಲಾಂಛನ ಈ ನಿಯಮಕ್ಕೆ ಹೆಸರಾಂತ ಅಪವಾದ. ಬಿಳಿಯ ಕಾಗದದ ಮೇಲೆ ಹಳದಿ ಕರಗಿಹೋಗುವುದರಿಂದ, ಇಲ್ಲಿ ಶಿಲುಬೆಗಳ ಸುತ್ತ ತೆಳುವಾದ ಕಪ್ಪು ಗೆರೆಯನ್ನು ಎಳೆಯುವುದು ಅನಿವಾರ್ಯ. ಹಸ್ತಪ್ರತಿಗಳ ಚಿತ್ರಕಾರರ ರೂಢಿಯಲ್ಲೂ ಅಂಥ ಗೆರೆ ಇದ್ದುದರಿಂದ ಅದನ್ನು ಹಿಂಜರಿಯದೆ ಬಳಸಬಹುದು.